ಬಾಗಿಲಲ್ಲಿ ನಿಂತವನ ದನಿ

ಗಣಿ ಕಚೇರಿಯ ಹಿಂಬದಿಯ ಮೂರನೆಯ ಕೋಣೆಯಲ್ಲಿ ಕೂತು ಕೆಲಸ ಮಾಡುವವಳನ್ನು ಎಲ್ಲರೂ ಟೇಪಮ್ಮ ಎಂದೇ ಕರೆಯುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಧ್ವನಿಮುದ್ರಣವೆಲ್ಲ ಟೇಪಿನ ಮೇಲೆ ಆಗುತ್ತಿತ್ತು. ಟೇಪು ಹೋಗಿ ಹದಿನೈದು ವರ್ಷವಾದರೂ ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಕೆಲಸ ಕೇಳುವುದಕ್ಕೆ ಸಣ್ಣದು. ಕಾರ್ಮಿಕರನ್ನು ನಾನೂರು ಮೀಟರ್ ಆಳಕ್ಕೆ ಇಳಿಸಿ ಹತ್ತಿಸುವ ಲಿಫ್ಟು ಒಂದಿತ್ತು. ಅದನ್ನು ಓಡಿಸುವವನು ಕೂರುವ ಕ್ಯಾಬಿನ್ನಿನಲ್ಲಿ ಒಂದು ಮೈಕು ದಿನವಿಡೀ ಕಿವಿ ತೆರೆದುಕೊಂಡಿರುತ್ತಿತ್ತು. ಅಲ್ಲಿ ಆಡಿದ ಮಾತು, ಬಾರಿಸಿದ ಗಂಟೆ, ಯಂತ್ರದ ಸದ್ದು ಎಲ್ಲವೂ ಮುದ್ರಣವಾಗಿ ಟೇಪಮ್ಮನ ಕೋಣೆಗೆ ಬರುತ್ತಿದ್ದವು. ಐದು ವರ್ಷ ಅವನ್ನು ಕಾಪಾಡಬೇಕೆಂದು ಕಾನೂನು.

ಆ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವನು ಅವಳ ಸ್ವಂತ ಅಕ್ಕನ ಗಂಡ. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡಾಗ ಟೇಪಮ್ಮನಿಗೆ ಒಂಬತ್ತು ವರ್ಷ. ಹೊಸದಾಗಿ ಮದುವೆಯಾಗಿದ್ದ ಅಕ್ಕ ತಂಗಿಯನ್ನೂ ಕರೆದುಕೊಂಡೇ ಗಂಡನ ಮನೆಗೆ ಬಂದಳು. ‘ಒಂದು ಕೇಳಿದ್ದಕ್ಕೆ ಎರಡು ಕೊಟ್ಟರು’ ಎಂದು ಭಾವ ಊರೆಲ್ಲ ಹೇಳಿಕೊಂಡು ನಗುತ್ತಿದ್ದ. ಅವಳಿಗೆ ಸೈಕಲ್ ಕಲಿಸಿದವನು, ಲೆಕ್ಕ ಹೇಳಿಕೊಟ್ಟವನು, ಪರೀಕ್ಷೆಯ ದಿನ ಶಾಲೆಯ ಗೇಟಿನವರೆಗೂ ಬಂದು ನಿಲ್ಲುತ್ತಿದ್ದವನು ಅವನೇ. ಮುಂದೆ ಗಣಿಯಲ್ಲಿ ಕೆಲಸ ಕೊಡಿಸಿದವನೂ ಅವನೇ. ಅವಳು ಮದುವೆಯಾಗಲಿಲ್ಲ. ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಿದ್ದರೂ ಊಟ ಮಾತ್ರ ಅಕ್ಕನ ಮನೆಯಲ್ಲೇ.

ಟೇಪು ಹೋದ ಮೇಲೆ ಗಣಿಯವರು ಯಾವುದೋ ಸಂಸ್ಥೆಯಿಂದ ಒಂದು ಯಂತ್ರ ತರಿಸಿದ್ದರು. ಅದು ಮುದ್ರಿಸಿದ ಫೈಲುಗಳನ್ನು ಆ ಸಂಸ್ಥೆಯ ಸಾಫ್ಟ್‌ವೇರ್ ಬಿಟ್ಟರೆ ಬೇರೆ ಯಾವುದೂ ತೆರೆಯುತ್ತಿರಲಿಲ್ಲ. ಒಂದು ದಿನ ಆ ಸಂಸ್ಥೆ ಬಾಗಿಲು ಹಾಕಿತು. ಸಾಫ್ಟ್‌ವೇರಿನ ಕೀಲಿಯ ಅವಧಿ ಆ ವರ್ಷವೇ ಮುಗಿಯಿತು. ಮೂರು ವರ್ಷದ ಮುದ್ರಣ ಬೀಗದ ಕೈ ಬಾವಿಗೆ ಬಿದ್ದ ಪೆಟ್ಟಿಗೆಯಂತೆ ಕಪಾಟಿನಲ್ಲಿ ಉಳಿಯಿತು. ಟೇಪಮ್ಮ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಅವಳು ತಾನೇ ಓದಿ, ಕೇಳಿ, ಹುಡುಕಿ, ಇನ್ನು ಮುಂದೆ ಎಲ್ಲವನ್ನೂ ಓಗ್ ವಾರ್ಬಿಸ್ ಎಂಬ ಮುಕ್ತ ಫೈಲು ರೂಪದಲ್ಲಿ ಇಡಬೇಕೆಂದು ಹಟ ಹಿಡಿದಳು. ಅದಕ್ಕೆ ಒಡೆಯರಿಲ್ಲ, ಕೀಲಿಯಿಲ್ಲ. ಅದರ ಒಳಗುಟ್ಟೆಲ್ಲ ಬಹಿರಂಗ. ನಲವತ್ತು ವರ್ಷ ಬಿಟ್ಟು ಬಂದವರೂ ಯಾವುದಾದರೊಂದು ಸಾಫ್ಟ್‌ವೇರ್ ಹಾಕಿ ತೆರೆದು ಕೇಳಬಹುದು. ಅದು ಸದ್ದನ್ನು ಕುಗ್ಗಿಸುತ್ತದೆ. ಮನುಷ್ಯನ ಕಿವಿ ಹೇಗೂ ಗಮನಿಸದ ಸದ್ದನ್ನು, ದೊಡ್ಡ ಸದ್ದಿನ ಕೆಳಗೆ ಮುಚ್ಚಿಹೋಗುವ ಸಣ್ಣ ಸದ್ದನ್ನು ಕೆರೆದು ತೆಗೆದು ಮಿಕ್ಕಿದ್ದನ್ನು ಇಟ್ಟುಕೊಳ್ಳುತ್ತದೆ. ಎಷ್ಟು ಕೆರೆಯಬೇಕೆಂಬುದಕ್ಕೆ ಒಂದು ಅಂಕಿ ಇರುತ್ತದೆ. ಅಂಕಿ ಹೆಚ್ಚಿದ್ದಷ್ಟೂ ಕೆರೆತ ಕಡಿಮೆ.

ಯಂತ್ರಗಳ ಮುಖ್ಯಸ್ಥನಿಗೆ ಇದನ್ನು ಹೇಳಲು ಹೋದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಓಗ್ ಅಂತೆ! ಓಗ್ ಬಂದಾಯ್ತು, ಇನ್ನು ‘ಬಾ’ ಯಾವಾಗ ಬರುತ್ತಮ್ಮ?”

ನಕ್ಕರೂ ಒಪ್ಪಿದ. ಖರ್ಚಿಲ್ಲದ ಕೆಲಸಕ್ಕೆ ಅವನು ಎಂದೂ ಇಲ್ಲವೆಂದವನಲ್ಲ. ಖರ್ಚಿದ್ದರೆ ಮಾತ್ರ ಅವನ ಉತ್ತರ ಒಂದೇ: ‘ನಾಳೆ ನೋಡೋಣ.’ ಹಗ್ಗಕ್ಕೆ ಎಣ್ಣೆ ಕೇಳಿದರೆ ನಾಳೆ, ದೀಪ ಕೇಳಿದರೆ ನಾಳೆ. ಹಾಗಾಗಿ ಅವನಿಗೆ ನಾಳೆ ಸಾಹೇಬ ಎಂಬ ಹೆಸರು ಬಿದ್ದಿತ್ತು.

ಮೊದಲು ಟೇಪಮ್ಮ ಆರನೆಯ ಅಂಕಿ ಇಟ್ಟಿದ್ದಳು. ಎರಡು ವರ್ಷದಲ್ಲಿ ಡಿಸ್ಕು ತುಂಬುತ್ತ ಬಂತು. ಹೊಸ ಡಿಸ್ಕು ಕೇಳಿ ಬರೆದಳು. ನಾಳೆ. ಅಂಕಿಯನ್ನು ನಾಲ್ಕಕ್ಕೆ ಇಳಿಸಿದಳು, ಆಮೇಲೆ ಎರಡಕ್ಕೆ. ಕೊನೆಗೆ ಬೇರೆ ದಾರಿ ಕಾಣದೆ ಅತಿ ಕೆಳಗಿನ ಮೈನಸ್ ಒಂದಕ್ಕೆ ತಂದಳು. ಮಾತು ತಿಳಿದರೆ ಸಾಕಲ್ಲ, ಇದೇನು ಸಂಗೀತ ಕಚೇರಿಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪ್ರತಿದಿನ ಪಾಳಿ ಮುಗಿಯುವ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಅಂದಿನ ಮುದ್ರಣ ತಾನಾಗಿ ಕುಗ್ಗಿ, ಮೂಲ ಅಳಿಸಿಹೋಗುವಂತೆ ವ್ಯವಸ್ಥೆ ಮಾಡಿಟ್ಟಳು. ಅದು ಒಂದು ದಿನವೂ ತಪ್ಪಿರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹಗ್ಗ ಕಡಿಯಿತು.

ಒಂಬತ್ತು ಜನರನ್ನು ಹೊತ್ತು ಇಳಿಯುತ್ತಿದ್ದ ಲಿಫ್ಟು ಅರ್ಧ ದಾರಿಯಲ್ಲಿ ಗೋಡೆಗೆ ಸಿಕ್ಕಿ ನಿಂತಿತ್ತು. ಮೇಲಿನಿಂದ ಹಗ್ಗ ಬಿಚ್ಚಿಕೊಳ್ಳುತ್ತಲೇ ಹೋಯಿತು. ಹಾಗೆ ಹಗ್ಗ ಸಡಿಲ ಬಿದ್ದರೆ ಕ್ಯಾಬಿನ್ನಿನ ಬಜರ್ ಕೂಗಬೇಕು, ಓಡಿಸುವವನು ತಕ್ಷಣ ಬ್ರೇಕು ಹಾಕಬೇಕು. ಬ್ರೇಕು ಬೀಳಲಿಲ್ಲ. ಸಿಕ್ಕಿಕೊಂಡ ಲಿಫ್ಟು ತಟ್ಟನೆ ಬಿಡಿಸಿಕೊಂಡು, ಸಡಿಲವಿದ್ದಷ್ಟು ಉದ್ದವೂ ಬಿದ್ದು, ಆ ಎಳೆತಕ್ಕೆ ಹಗ್ಗ ದಾರದಂತೆ ತುಂಡಾಯಿತು.

ಸೈರನ್ ಕೇಳಿ ಟೇಪಮ್ಮ ಎಲ್ಲರ ಜೊತೆ ಓಡಿದಳು. ಗಣಿಯ ಬಾಯಿಯ ಸುತ್ತ ಜನ. ಭಾವ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತಿದ್ದ. ಬ್ರೇಕಿನ ಹಿಡಿ ಇನ್ನೂ ಕೈಯಲ್ಲಿದೆಯೋ ಎಂಬಂತೆ ಬಲಗೈ ಮುಷ್ಟಿ ಬಿಗಿದೇ ಇತ್ತು. “ಕೂಗಲಿಲ್ಲ ಕಣೇ,” ಎಂದ ಅವಳನ್ನು ಕಂಡು. “ಅದು ಕೂಗಲೇ ಇಲ್ಲ.” ಅವಳು ಅವನ ಪಕ್ಕದಲ್ಲಿ ಕೂತಳು, ನೀರು ಕುಡಿಸಿದಳು, ಅಕ್ಕನಿಗೆ ಹೇಳಿ ಕಳಿಸಿದಳು. ಮೊದಲ ಹೆಣ ಮೇಲೆ ಬಂದಾಗ ಸಂಜೆ ನಾಲ್ಕಾಗಿತ್ತು. ಆಗ ಅವಳಿಗೆ ಗಡಿಯಾರದ ನೆನಪಾಯಿತು.

ಕೋಣೆಗೆ ಓಡಿ ಹೋಗುವಷ್ಟರಲ್ಲಿ ಎರಡು ಗಂಟೆಯ ಕೆಲಸ ಎರಡು ಗಂಟೆಗೇ ಮುಗಿದಿತ್ತು. ಅಳಿಸಿಹೋದ ಮೂಲವನ್ನು ಹಿಂದೆ ತರುವುದಕ್ಕೆ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದಳು. ಡಿಸ್ಕಿನಲ್ಲಿ ಜಾಗವೇ ಇಲ್ಲದಿದ್ದರಿಂದ ಅಲ್ಲಿ ಆಗಲೇ ಮಧ್ಯಾಹ್ನದ ಮುದ್ರಣ ಕೂತುಬಿಟ್ಟಿತ್ತು. ಮೂಲ ಹೋಯಿತು. ಉಳಿದಿದ್ದು ಮೈನಸ್ ಒಂದು.

ವಿಚಾರಣೆ ನಡೆಸಲು ಹೊರಗಿನಿಂದ ಒಬ್ಬ ಅಧಿಕಾರಿ ಬಂದ. ನಾಳೆ ಸಾಹೇಬ ಪರೀಕ್ಷೆಯ ಪುಸ್ತಕ ತೆಗೆದು ಮುಂದಿಟ್ಟ. ಪ್ರತಿ ಸೋಮವಾರ ಬೆಳಿಗ್ಗೆ ಬಜರನ್ನು ಒತ್ತಿ ನೋಡಿ ‘ಸರಿ ಇದೆ’ ಎಂದು ರುಜು ಮಾಡುವ ಪುಸ್ತಕ ಅದು. ಅಪಘಾತಕ್ಕೆ ಎರಡು ದಿನ ಮೊದಲಿನ ಸೋಮವಾರವೂ ರುಜು ಬಿದ್ದಿತ್ತು. ಬಜರ್ ಕೂಗಿದೆ, ಓಡಿಸುವವನು ತೂಕಡಿಸುತ್ತಿದ್ದ ಎಂಬುದು ಗಣಿಯವರ ವಾದ. ಅಪಘಾತದಲ್ಲಿ ಆ ಬಜರಿನ ತಂತಿಗಳೂ ಕಿತ್ತುಹೋಗಿದ್ದರಿಂದ ಅದನ್ನು ಈಗ ಪರೀಕ್ಷಿಸುವಂತಿರಲಿಲ್ಲ.

ಬುಧವಾರದ ಫೈಲು ಹಾಕಿ ಎಲ್ಲರೂ ಕೇಳಿದರು. ಯಂತ್ರದ ಗುಂಯ್ ಎಂಬ ಸದ್ದು, ಭಾವನ ಕೆಮ್ಮು, ಆಮೇಲೆ ಆ ದೊಡ್ಡ ಸದ್ದು. ಬಜರ್ ಇಲ್ಲ.

ಗಣಿಯ ವಕೀಲ ಎದ್ದು ನಿಂತ. “ತಾಯಿ, ಈ ರೂಪ ಸಣ್ಣ ಸದ್ದನ್ನು ಕೆರೆದು ತೆಗೆಯುತ್ತೆ ಅನ್ನೋದು ನಿಜ ತಾನೇ?”

“ನಿಜ.”

“ನೀವು ಇಟ್ಟಿದ್ದು ಎಲ್ಲಕ್ಕಿಂತ ಹೆಚ್ಚು ಕೆರೆಯೋ ಅಂಕಿ.”

“ಹೌದು.”

“ಹಾಗಾದ್ರೆ ಬಜರ್ ಕೂಗಲೇ ಇಲ್ಲ ಅಂತ ಪ್ರಮಾಣ ಮಾಡಿ ಹೇಳ್ತೀರಾ?”

ಭಾವ ಬೆಂಚಿನ ತುದಿಗೆ ಸರಿದು ಅವಳನ್ನೇ ನೋಡುತ್ತಿದ್ದ. ಒಂದು ಮಾತು, ‘ಹೇಳ್ತೀನಿ’ ಎಂದರೆ ಆಯಿತು. ಬಜರ್ ಅಷ್ಟೇನೂ ಸಣ್ಣ ಸದ್ದಲ್ಲ, ಉಳಿಯಬೇಕಿತ್ತು ಎಂದು ಅವಳ ಅನುಭವ ಹೇಳುತ್ತಿತ್ತು. ಆದರೆ ಅನುಭವ ಬೇರೆ, ಪ್ರಮಾಣ ಬೇರೆ.

“ಇಲ್ಲ,” ಎಂದಳು. “ಹೇಳೋದಕ್ಕಾಗಲ್ಲ.”

ಅಂದು ಸಂಜೆ ಅಕ್ಕ ಊಟಕ್ಕೆ ಕರೆಯಲಿಲ್ಲ. ಇವಳೇ ಹೋದಳು. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು.

“ಅನ್ನ ಹಾಕಿದ ಕೈ ಕಣೇ ಅದು,” ಎಂದಳು. “ಕೇಳಿದ್ದು ಒಂದೇ ಒಂದು ಮಾತು. ನಿನ್ನ ಬಾಯಿಂದ ಮುತ್ತು ಉದುರಿ ಹೋಗ್ತಿತ್ತಾ?”

“ಅಕ್ಕಾ, ಅದು ಅಲ್ಲೇ ಸುಳ್ಳಾಗ್ತಿತ್ತು. ನನಗೆ ಎರಡು ದಿನ ಕೊಡು. ಹೇಗಾದ್ರೂ ಸಾಬೀತು ಮಾಡ್ತೀನಿ.”

“ಮಾಡು ಹೋಗು. ಮಾಡಿದ ಮೇಲೆ ಬಾ.”

ದಾರಿಯಲ್ಲಿ ನಡೆಯುವಾಗ ಅವಳಿಗೆ ಹೊಳೆಯಿತು. ಪ್ರತಿ ಸೋಮವಾರ ಬಜರನ್ನು ಒತ್ತಿ ನೋಡುತ್ತಾರೆ. ಆ ಸೋಮವಾರಗಳ ಮುದ್ರಣವೂ ತನ್ನಲ್ಲಿದೆ. ಅದೇ ಮೈಕು, ಅದೇ ಯಂತ್ರದ ಸದ್ದು, ಅದೇ ಮೈನಸ್ ಒಂದು. ಆ ಫೈಲುಗಳಲ್ಲಿ ಬಜರ್ ಕೇಳಿದರೆ, ಕೆರೆತದಲ್ಲಿ ಅದು ಅಳಿಯುವುದಿಲ್ಲ ಎಂದಾಯಿತು. ಆಗ ಬುಧವಾರದ ಮೌನ ನಿಜವಾದ ಮೌನ.

ಮರುದಿನ ಬೆಳಿಗ್ಗೆ ಎಂಟಕ್ಕೇ ಕೋಣೆಗೆ ಬಂದು ಹೆಡ್‌ಫೋನ್ ಹಾಕಿಕೊಂಡಳು. ಅಪಘಾತಕ್ಕೆ ಮೊದಲಿನ ಸೋಮವಾರ ತೆರೆದಳು. ಗುಂಡಿ ಒತ್ತಿದ ‘ಟಕ್’ ಕೇಳಿತು. ಬಜರ್ ಇಲ್ಲ. ಅದರ ಹಿಂದಿನ ಸೋಮವಾರ: ಟಕ್, ಮೌನ. ಅದರ ಹಿಂದಿನದು: ಟಕ್, ಮೌನ. ಏಳು ಸೋಮವಾರ ಹಾಗೇ ಹಿಂದಕ್ಕೆ ಹೋದಳು. ಕೆರೆದು ಹಾಕಿದೆ, ನಾನೇ ಕೆರೆದು ಹಾಕಿದ್ದೇನೆ ಎಂದುಕೊಂಡು ಎಂಟನೆಯದನ್ನು ತೆರೆದಳು.

ಟಕ್. ಕೂಡಲೇ ಕಿವಿಯಲ್ಲಿ ಜೀರುಂಡೆ ಹೊಕ್ಕಂತೆ ಬಜರ್ ಕೂಗಿತು. ಮೂರು ಸೆಕೆಂಡು, ಗಟ್ಟಿಯಾಗಿ, ಸ್ಪಷ್ಟವಾಗಿ. ಒಂಬತ್ತನೆಯದರಲ್ಲೂ ಕೂಗಿತು. ಹತ್ತು, ಹನ್ನೊಂದು, ವರ್ಷದ ಹಿಂದಿನದು, ಎಲ್ಲದರಲ್ಲೂ.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಬಜರ್ ಏಳು ವಾರದಿಂದ ಸತ್ತುಬಿದ್ದಿತ್ತು! ಭಾವ ಹೇಳಿದ್ದು ಅಕ್ಷರಶಃ ನಿಜ. ಅಕ್ಕನಿಗೆ ಹೇಳಲು ಬಾಗಿಲವರೆಗೂ ಹೋದಳು. ಅಲ್ಲಿ ಕಾಲು ನಿಂತಿತು.

ಆ ಏಳು ಸೋಮವಾರವೂ ಪುಸ್ತಕದಲ್ಲಿ ‘ಸರಿ ಇದೆ’ ಎಂದು ರುಜು ಮಾಡಿದವರು ಯಾರು?

ತಿರುಗಿ ಬಂದು ಕೂತಳು. ಏಳರಲ್ಲಿ ಎಲ್ಲಕ್ಕಿಂತ ಹಿಂದಿನ ಸೋಮವಾರದ ಫೈಲನ್ನು ಈ ಸಲ ಅಲ್ಲಿಗೇ ನಿಲ್ಲಿಸದೆ ಮುಂದಕ್ಕೂ ಕೇಳಿದಳು. ಟಕ್. ಟಕ್ ಟಕ್. ಆಮೇಲೆ ಮೈಕಿನ ಪಕ್ಕದಲ್ಲೇ ಭಾವನ ದನಿ: “ಏನ್ ಸಾರ್, ಇದು ಕೂಗ್ತಾನೇ ಇಲ್ಲವಲ್ಲ?”

ಯಾರೋ ಉತ್ತರ ಕೊಟ್ಟರು. ದೂರದಲ್ಲಿ, ಬಾಗಿಲ ಹತ್ತಿರ ನಿಂತು. ಆದರೆ ಆ ದನಿ ಯಂತ್ರದ ಸದ್ದಿನ ಅಡಿಗೆ ಬಿದ್ದಿತ್ತು, ಅದನ್ನು ಕೆರೆದುಹಾಕಲಾಗಿತ್ತು. ನೀರಿನೊಳಗೆ ಮುಳುಗಿದವನು ಮಾತಾಡಿದಂತೆ ಗುಳುಗುಳು ಎಂದಷ್ಟೇ ಕೇಳಿತು.

ಭಾವ: “ಹಾಗಂತ ಸುಮ್ಮನೆ ರುಜು ಹಾಕೋದಾ?”

ಗುಳುಗುಳು.

ಭಾವ ಸಣ್ಣಗೆ ನಕ್ಕ. “ಸರಿ ಬಿಡಿ ಸಾರ್. ಹಾಕ್ತೀನಿ.”

ಅವಳು ಆ ಗುಳುಗುಳುವನ್ನು ನೂರು ಸಲ ಕೇಳಿದಳು. ಬೇರೆ ಬೇರೆ ಸಾಫ್ಟ್‌ವೇರಿಗೆ ಹಾಕಿ ಯಂತ್ರದ ಸದ್ದನ್ನು ತಗ್ಗಿಸಿದಳು, ದನಿಯನ್ನು ಎತ್ತಿದಳು. ಇಲ್ಲದ್ದನ್ನು ಎತ್ತಿದರೆ ಏನು ಬರುತ್ತದೆ? ಒಂದು ಕಡೆ ‘ನಾಳೆ’ ಎಂದಂತೆ ಕೇಳಿತು. ಇನ್ನೊಂದು ಸಲ ಕೇಳಿದಾಗ ಅದೂ ಇಲ್ಲ.

ಮಧ್ಯಾಹ್ನ ಕಚೇರಿಯ ನೆಲ ಒರೆಸುವ ಮುದುಕಿ ಬಕೆಟ್ಟು ಹಿಡಿದು ಬಂದಳು. ಸತ್ತ ಒಂಬತ್ತು ಜನರಲ್ಲಿ ಒಬ್ಬ ಅವಳ ಮಗ. ಮೂರನೆಯ ದಿನಕ್ಕೇ ಅವಳು ಕೆಲಸಕ್ಕೆ ಹಿಂತಿರುಗಿದ್ದಳು; ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರುತ್ತವೆ ಎನ್ನುತ್ತಿದ್ದಳು. ಹೆಡ್‌ಫೋನನ್ನೇ ನೋಡುತ್ತ ನಿಂತು ಕೇಳಿದಳು: “ಅದರಲ್ಲಿ ನನ್ನ ಮಗನ ದನಿ ಇದೆಯಾ ತಾಯಿ?”

“ಇಲ್ಲಮ್ಮ. ಇದು ಮೇಲಿನ ಕ್ಯಾಬಿನ್ನಿಂದು. ಕೆಳಗಿಂದು ಇದರಲ್ಲಿ ಬರಲ್ಲ.”

“ಹೋಗಲಿ ಬಿಡು. ಅವನು ಹತ್ತೋ ಮೊದಲು ಕ್ಯಾಬಿನ್ ಕಡೆ ತಿರುಗಿ ಕೈ ಬೀಸ್ತಿದ್ದನಂತೆ, ದಿನಾ. ಏನಾದ್ರೂ ಕೂಗಿ ಹೇಳಿರ್ತಾನೇನೋ ಅಂದ್ಕೊಂಡೆ.” ಕುರ್ಚಿಯ ಕೆಳಗೆ ಒರೆಸಲು ಅವಳು ಬಗ್ಗಿದಾಗ ಟೇಪಮ್ಮ ಕಾಲೆತ್ತಿ ಕೂತಳು, ಚಿಕ್ಕ ಹುಡುಗಿಯ ಹಾಗೆ. ಕಣ್ಣು ಮಾತ್ರ ಮುದುಕಿಯ ಬೆನ್ನಿನ ಮೇಲಿಂದ ಕದಲಲಿಲ್ಲ.

ಪಾಳಿ ಮುಗಿಸಿ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಮನೆಯಲ್ಲಿರಲಿಲ್ಲ. ಕೆಲಸದಿಂದ ಅಮಾನತಾಗಿದ್ದ ಭಾವ ಹಿತ್ತಲಿನಲ್ಲಿ ಕೂತು ಮುರಿದ ಸ್ಟೂಲಿನ ಕಾಲು ಕೂಡಿಸುತ್ತಿದ್ದ. ಅವಳ ಮುಖ ಕಂಡದ್ದೇ ಸುತ್ತಿಗೆ ಕೆಳಗಿಟ್ಟ.

“ಸೋಮವಾರಗಳನ್ನ ಕೇಳಿದ್ಯಾ?” ಎಂದ.

“ಕೇಳಿದೆ ಭಾವ.”

ಅವನು ಮೊಳೆಗಳನ್ನು ಅಂಗೈಯಲ್ಲಿ ಆಡಿಸಿದ. “ಬಿಡಿಭಾಗ ನಾಳೆ ಬರುತ್ತೆ, ಇವತ್ತು ಲಿಫ್ಟ್ ನಿಲ್ಲಿಸಿದ್ರೆ ಮೇಲಿನವರು ನನ್ನ ತಲೆ ತೆಗೀತಾರೆ ಅಂದ ಸಾಹೇಬ. ಒಂದು ವಾರ ತಾನೇ ಅಂದ್ಕೊಂಡೆ. ಮುಂದಿನ ವಾರ ಕೇಳಿದ್ರೆ ಮತ್ತೆ ನಾಳೆ. ಮೂರನೇ ವಾರದಿಂದ ನಾನೂ ಕೇಳೋದು ಬಿಟ್ಟೆ. ಏನೂ ಆಗ್ತಿರಲಿಲ್ಲವಲ್ಲ. ಗುಂಡಿ ಒತ್ತೋದು, ರುಜು ಹಾಕೋದು. ಅಭ್ಯಾಸ ಆಗಿಹೋಯ್ತು.” ತಲೆಯೆತ್ತಿದ. “ಅವನ ದನಿ ಇದೆ ತಾನೇ ಅದರಲ್ಲಿ? ಬಾಗಿಲಲ್ಲೇ ನಿಂತಿದ್ದ, ಒಳಗೂ ಬರಲಿಲ್ಲ.”

“ಇಲ್ಲ ಭಾವ. ನಿಮ್ಮ ದನಿ ಮಾತ್ರ ಉಳಿದಿದೆ.”

“ನನ್ನದು ಇದ್ದ ಮೇಲೆ ಅವನದು ಯಾಕಿಲ್ಲ?”

“ನೀವು ಮೈಕಿನ ಹತ್ತಿರ ಇದ್ರಿ. ಅವನದು ದೂರ. ನಾನು ಅಂಕಿಯನ್ನ ಅಷ್ಟು ಕೆಳಗೆ ಇಟ್ಟಿದ್ದೆ. ಮೊದಲಿನ ಹಾಗೆ ಆರು ಇದ್ದಿದ್ರೆ...”

ಭಾವ ನಕ್ಕುಬಿಟ್ಟ. ಫೈಲಿನಲ್ಲಿ ಕೇಳಿದ ಅದೇ ಸಣ್ಣ ನಗು. “ದೂರ ನಿಂತು ಮಾತಾಡೋರು ಯಾವಾಗಲೂ ಬಚಾವ್,” ಎಂದ. ಆಮೇಲೆ ನಗು ಹೋಯಿತು. “ಕೊಡಬೇಡ ಕಣೇ. ತೂಕಡಿಸಿದೆ ಅಂದ್ರೆ ಕೆಲಸ ಹೋಗುತ್ತೆ, ಅಷ್ಟೇ. ಇದನ್ನ ಕೊಟ್ಟರೆ ನಾನು ಜೈಲಿಗೆ. ಗೊತ್ತಿದ್ದೂ ಇಳಿಸಿದ ಅಂತಾರೆ. ಒಂಬತ್ತು ಮನೆಯವರು ನನ್ನ ಮುಖಕ್ಕೆ ಉಗೀತಾರೆ.”

ಅವಳು ಹೊರಡುವಾಗ ಹಿಂದಿನಿಂದ, “ಕೊಡ್ತೀಯ ನೀನು,” ಎಂದ. “ನಿನಗೆ ಲೆಕ್ಕ ಹೇಳಿಕೊಟ್ಟವನು ನಾನೇ ಅಲ್ಲವಾ.”

ಮೂರು ದಿನ ಅವಳು ಆ ಫೈಲುಗಳನ್ನು ಮುಟ್ಟಲಿಲ್ಲ. ಸಂಜೆ ತನ್ನ ಕೋಣೆಯಲ್ಲಿ ಬ್ರೆಡ್ಡು ತಿಂದು ಮಲಗಿದಳು. ನಾಲ್ಕನೆಯ ದಿನ ನಾಳೆ ಸಾಹೇಬ ಅವಳ ಕೋಣೆಗೇ ಬಂದ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಹಳೆಯ ಮುದ್ರಣಗಳನ್ನೆಲ್ಲ ಅಳಿಸಿ ಡಿಸ್ಕು ಖಾಲಿ ಮಾಡಿಕೊಳ್ಳಿ, ಇನ್ನು ಮುಂದೆ ಒಂದು ಹೊಸ ಸಂಸ್ಥೆಯ ಯಂತ್ರ ಬರುತ್ತದೆ, ಅದರದೇ ಬೇರೆ ಸಾಫ್ಟ್‌ವೇರ್ ಎಂದ. ಮಾತು ಬಹಳ ಮೆತ್ತಗಿತ್ತು. ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದ.

“ಯಾವಾಗ ಅಳಿಸಬೇಕು ಸಾರ್?”

“ಇವತ್ತೇ.”

ಯಾವಾಗಲೂ ನಾಳೆ ಎನ್ನುವ ಅವನ ಬಾಯಿಂದ ಇವತ್ತು ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಅವನು ಹೋದ ಕೂಡಲೇ ಎಂಟು ಸೋಮವಾರ ಮತ್ತು ಆ ಬುಧವಾರದ ಫೈಲುಗಳನ್ನು ಹತ್ತು ಪ್ರತಿ ಮಾಡಿದಳು. ಕೆಲಸ ಮುಗಿಸಿ ಒಂದು ಪ್ರತಿಯನ್ನು ವಿಚಾರಣಾಧಿಕಾರಿಯ ಕೈಗೆ ಕೊಟ್ಟಳು. ಉಳಿದ ಒಂಬತ್ತನ್ನು ಒಂಬತ್ತು ಮನೆಗೆ ನಡೆದು ಹೋಗಿ ಕೊಟ್ಟಳು. ಯಾರ ಅಪ್ಪಣೆಯೂ ಬೇಡ, ಯಾವ ಕೀಲಿಯೂ ಬೇಡ, ಮನೆಯ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಹಾಕಿ ಯಾರು ಬೇಕಾದರೂ ಕೇಳಬಹುದು ಎಂದು ಹೇಳಿದಳು. ಕೊನೆಯ ಮನೆ ನೆಲ ಒರೆಸುವ ಮುದುಕಿಯದು. ಅವಳ ಹತ್ತಿರ ಎರಡೂ ಇರಲಿಲ್ಲ. ಪಕ್ಕದ ಮನೆಯಾಕೆಯ ಫೋನಿನಲ್ಲಿ ಹಾಕಿಸಿಕೊಂಡು, ಗೋಡೆಗೆ ಒರಗಿ ಪೂರ್ತಿ ಕೇಳಿದಳು.

“ನಗ್ತಾನಲ್ಲ,” ಎಂದಳಷ್ಟೇ.

ಎರಡನೆಯ ಸುತ್ತಿನ ವಿಚಾರಣೆ ಎರಡೇ ದಿನ ನಡೆಯಿತು. ಬಜರ್ ಏಳು ವಾರದಿಂದ ಕೆಟ್ಟಿತ್ತು ಎಂಬುದನ್ನು ಅಧಿಕಾರಿ ಒಪ್ಪಿದ. ಭಾವ ಎದ್ದು ನಿಂತು ಎಲ್ಲವನ್ನೂ ಹೇಳಿದ, ಬಾಗಿಲಲ್ಲಿ ನಿಂತಿದ್ದವನನ್ನು ಬೆರಳು ಮಾಡಿ ತೋರಿಸಿದ. ನಾಳೆ ಸಾಹೇಬ ತಾನು ಆ ಸೋಮವಾರ ಕ್ಯಾಬಿನ್ನಿನ ಕಡೆಗೇ ಹೋಗಿಲ್ಲವೆಂದ. ಗಣಿಯಲ್ಲಿ ಇಪ್ಪತ್ತು ಜನ ‘ಸಾರ್’ ಅನ್ನಿಸಿಕೊಳ್ಳುವವರಿದ್ದರು.

ವಕೀಲ ಮತ್ತೆ ಟೇಪಮ್ಮನ ಕಡೆ ತಿರುಗಿದ. “ಆ ಇನ್ನೊಂದು ದನಿ ಯಾರದ್ದು?”

“ಅವರದ್ದೇ,” ಎಂದು ನಾಳೆ ಸಾಹೇಬನನ್ನು ತೋರಿಸಿದಳು.

“ಕೇಳಿ ಹೇಳ್ತಿದ್ದೀರೋ, ಗೊತ್ತಿದ್ದು ಹೇಳ್ತಿದ್ದೀರೋ?”

ಅವಳು ಬಾಯಿ ತೆರೆದಳು. ಭಾವ ಈ ಸಲ ಅವಳ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ.

“ಗೊತ್ತಿದ್ದು,” ಎಂದಳು.

“ಕೇಳಿದ್ರೆ ಏನು ಕೇಳುತ್ತೆ?”

“ಏನೂ ಕೇಳಲ್ಲ.”

ಪ್ರಕರಣ ಕೋರ್ಟಿಗೆ ಹೋಗಿ ಭಾವನಿಗೆ ಆರು ವರ್ಷ ಶಿಕ್ಷೆಯಾಯಿತು. ನಾಳೆ ಸಾಹೇಬನನ್ನು ಬೇರೆ ಗಣಿಗೆ ವರ್ಗ ಮಾಡಿದರು. ಹೋಗುವ ಮೊದಲು ಅವನು ಕೊನೆಯದಾಗಿ ರುಜು ಹಾಕಿದ ಕಾಗದಗಳಲ್ಲಿ ಟೇಪಮ್ಮನ ಕೋಣೆಗೆ ನಾಲ್ಕು ಹೊಸ ಡಿಸ್ಕು ತರಿಸುವುದೂ ಒಂದು. ವಿಚಾರಣಾ ವರದಿಯ ಶಿಫಾರಸುಗಳಲ್ಲಿ ಜಾರಿಗೆ ಬಂದದ್ದು ಅದೊಂದೇ. ಡಿಸ್ಕುಗಳು ಬಂದ ದಿನ ಅವಳು ಅಂಕಿಯನ್ನು ಹತ್ತಕ್ಕೆ ಏರಿಸಿ, ಎರಡು ಗಂಟೆಗೆ ಮೂಲ ಅಳಿಸುವ ವ್ಯವಸ್ಥೆಯನ್ನು ತೆಗೆದುಹಾಕಿದಳು. ಹೊಸದಾಗಿ ಕ್ಯಾಬಿನ್ನಿಗೆ ಬಂದವನು ಮೈಕಿನ ಹತ್ತಿರ ಮಾತೇ ಆಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ಶುಕ್ರವಾರ ಅವಳು ಜೈಲಿಗೆ ಹೋಗುತ್ತಿದ್ದಳು. ಭಾವ ಬರುತ್ತಿದ್ದ, ಕೂರುತ್ತಿದ್ದ, ಹವಾ ಹೇಗಿದೆ ಎಂದು ಕೇಳುತ್ತಿದ್ದ. ಅಕ್ಕ ಬರುತ್ತಾಳಾ ಎಂದು ಇವಳು ಒಮ್ಮೆಯೂ ಕೇಳಲಿಲ್ಲ. ಬಂದೇ ಬರುತ್ತಾಳೆ, ತನ್ನ ಮುಖ ನೋಡಬಾರದೆಂದು ಬೇರೆ ದಿನ ಬರುತ್ತಾಳೆ ಎಂದುಕೊಂಡಿದ್ದಳು. ಏಳನೆಯ ತಿಂಗಳು ಭಾವ ತಾನಾಗಿ ಹೇಳಿದ: “ನಿಮ್ಮಕ್ಕ ಹೇಗಿದ್ದಾಳೆ ಅಂತ ಒಂದ್ಸಲ ನೋಡ್ಕೊಂಡು ಬಾ. ನಾನು ಇಲ್ಲಿಗೆ ಬಂದಾಗಿಂದ ಅವಳನ್ನ ನೋಡಿಲ್ಲ.”

ಅಲ್ಲಿಂದ ನೇರ ಹೋಗಿ ಬಾಗಿಲು ತಟ್ಟಿದಳು. ಅಕ್ಕ ಅರ್ಧ ತೆರೆದು, ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತಳು. ಸೊರಗಿದ್ದಳು. ಕೈಯಲ್ಲಿ ಒಬ್ಬರಿಗೆ ಆಗುವಷ್ಟು ಪಾತ್ರೆ.

“ನೀನು ಅವರನ್ನ ನೋಡೋಕೆ ಹೋಗಲ್ವಂತೆ,” ಎಂದಳು ಟೇಪಮ್ಮ. “ಕೋಪ ನನ್ನ ಮೇಲಿರಲಿ ಅಕ್ಕಾ. ಅವರ ಮೇಲೆ ಯಾಕೆ?”

“ನಿನ್ನ ಮೇಲೂ ಇದೆ,” ಎಂದಳು ಅಕ್ಕ. ಒಳಗೆ ಒಲೆಯ ಮೇಲೆ ಏನೋ ಕುದಿಯುವ ಸದ್ದು ಬರುತ್ತಿತ್ತು. ಅವಳು ಅತ್ತ ಹೋಗಲಿಲ್ಲ. “ಏಳು ಸೋಮವಾರ ಕಣೇ. ಏಳು ಸೋಮವಾರ ಮನೆಗೆ ಬಂದ, ಕೈ ತೊಳೆದ, ನಾನು ಬಡಿಸಿದ್ದನ್ನ ಉಂಡ. ರುಚಿಯಾಗಿದೆ ಅಂದ. ಒಂದು ದಿನ, ಒಂದೇ ಒಂದು ದಿನ ನನ್ನ ಹತ್ತಿರ ಬಾಯಿ ಬಿಟ್ಟಿದ್ರೆ ನಾನೇ ಹೋಗಿ ಆ ಲಿಫ್ಟಿಗೆ ಅಡ್ಡ ಮಲಗ್ತಿದ್ದೆ.”

ಅಕ್ಕ ಬಾಗಿಲು ಮುಚ್ಚಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ. ಸ್ವಲ್ಪ ಹೊತ್ತು ನೋಡಿ ಇವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಅಕ್ಕ ಒಲೆ ಆರಿಸಿದಳು. ಒಂದು ತಟ್ಟೆ ತೆಗೆದ ಸದ್ದಾಯಿತು. ಎರಡನೆಯ ತಟ್ಟೆಯ ಸದ್ದಿಗಾಗಿ ಟೇಪಮ್ಮ ಕಿವಿಗೊಟ್ಟು ಕೂತಿದ್ದಳು. ಬೀದಿಯಲ್ಲಿ ಲಾರಿಯೊಂದು ಹೋಯಿತು, ಅದರ ಹಿಂದೆ ಇನ್ನೊಂದು, ಏನೂ ಕೇಳಿಸಲಿಲ್ಲ.